36 ದಿನಕ್ಕೆ ಸುತ್ತು ಬಂದ ಕುಡುಗೋಲು: ಬೇಸಿಗೆಯ ಮೇವಿನ ಜೋಳದ ಒಂದು ಪ್ರಕರಣ

ಚಿಂತಾಮಣಿ ತಾಲ್ಲೂಕಿನ ಒಂದು ಸಣ್ಣ ಊರಿನಿಂದ ಏಪ್ರಿಲ್ 21ರ ಬೆಳಿಗ್ಗೆ 7.50ಕ್ಕೆ ಫೋನು ಬಂತು. ಮಾಡಿದವರು ಡೈರಿಗೆ ಹಾಲು ಹಾಕಿ ವಾಪಸು ಹೋಗುತ್ತಿದ್ದ ಪಕ್ಕದ ಮನೆಯವರು. "ಸಾರ್, ಸೀಮೆ ಹಸುಗಳು ಒಂದಾದ ಮೇಲೊಂದು ಬೀಳ್ತಾ ಇವೆ, ಬೇಗ ಬನ್ನಿ" ಅಂದರು. ನಾನು ಕೇಳಿದ್ದು ಒಂದೇ: "ಬೆಳಿಗ್ಗೆ ಏನು ಹಾಕಿದ್ರು?" "ಜೋಳ ಸಾರ್, ಕೂಳೆ ಜೋಳ." ಕೂಳೆ ಅಂದರೆ ಒಮ್ಮೆ ಕೊಯ್ದ ಬುಡದಿಂದ ಮತ್ತೆ ಚಿಗುರಿದ ಬೆಳೆ. ಅಷ್ಟು ಸಾಕಾಯಿತು. ಗಾಡಿ ಹತ್ತುವ ಮೊದಲು, ಗೋದಲಿಯಲ್ಲಿರುವ ಮೇವನ್ನೆಲ್ಲ ಎಳೆದು ಆಚೆ ಹಾಕಿ, ಒಂದು ಕಡ್ಡಿಯೂ ಉಳಿಯಬಾರದು ಅಂತ ಹೇಳಿದೆ. ಆ ಒಂದು ಮಾತಿನಿಂದ ಒಂದು ಹಸು ಉಳಿಯಿತು ಎಂದು ಈಗಲೂ ನಂಬಿದ್ದೇನೆ.

ನಾನು ಪಶುವೈದ್ಯ. ಈ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರಿನ ಹೆಸರು ಬಿಟ್ಟಿದ್ದೇನೆ. ಉಳಿದದ್ದೆಲ್ಲ ನಡೆದ ಹಾಗೇ ಇದೆ, ನನ್ನ ತಪ್ಪೂ ಸೇರಿ.

ಆ ಬೆಳಿಗ್ಗೆ

ಕೊಟ್ಟಿಗೆ ತಲುಪಿದಾಗ 8.15. ಮನೆಯಲ್ಲಿ ಅಜ್ಜಿ, ಮಗ, ಸೊಸೆ. ನಾಲ್ಕು ಹಾಲು ಕೊಡುವ ಸೀಮೆ ಹಸು, ಒಂದು ಪಡ್ಡೆ, ಎರಡು ಕರು. ಗೋದಲಿಯ ಮೊದಲ ಗೂಟದ ಹಸು ಆಗಲೇ ಸತ್ತಿತ್ತು. ಕಾಲು ನೀಡಿ ಮಲಗಿತ್ತು, ಬಾಯಿಂದ ನೊರೆ ಇಳಿದಿತ್ತು, ನಾಲಗೆಯ ಪಕ್ಕದಲ್ಲಿ ಅರ್ಧ ಅಗಿದ ಹಸಿರು ಎಲೆ. ಮನೆಯ ಅತ್ಯುತ್ತಮ ಹಸು ಅದೇ. ದಿನಕ್ಕೆ 16 ಲೀಟರ್ ಕೊಡುತ್ತಿತ್ತು. ಹಾಲು ಹೆಚ್ಚು ಕೊಡುವುದು ಹೆಚ್ಚು ತಿನ್ನುತ್ತದೆ, ಮೇವೂ ಮೊದಲು ಅದರ ಮುಂದೇ ಬೀಳುತ್ತದೆ. ಇಂಥ ಪ್ರಕರಣದಲ್ಲಿ ಮನೆಯ ಒಳ್ಳೆಯ ಹಸುವೇ ಮೊದಲು ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಎರಡನೆಯದು ನೆಲ ಹಿಡಿದಿತ್ತು. ಉಸಿರು ಬಿರುಸಾಗಿತ್ತು, ತೊಡೆಯ ಮಾಂಸ ಅದುರುತ್ತಿತ್ತು, ಕಣ್ಣುಗುಡ್ಡೆ ನಿಂತಿತ್ತು. ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದೆ, ಕೆಂಡದ ಹಾಗೆ ಕೆಂಪು. ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿ ಸಿರಿಂಜಿಗೆ ಸ್ವಲ್ಪ ರಕ್ತ ಎಳೆದೆ. ಸಾಮಾನ್ಯವಾಗಿ ಅಲ್ಲಿ ಬರುವುದು ಕಪ್ಪು ಛಾಯೆಯ ರಕ್ತ. ಬಂದದ್ದು ಹೊಸದಾಗಿ ಕಲಸಿದ ಕುಂಕುಮದ ನೀರಿನ ಬಣ್ಣದ್ದು.

ಆ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದ ಹತ್ತು ಸೆಕೆಂಡ್ ಮುಖ್ಯ. ಹಸಿಮೇವಿನಿಂದ ಹಸು ದಿಢೀರನೆ ಬೀಳಲು ಎರಡು ದೊಡ್ಡ ಕಾರಣಗಳಿವೆ, ಸೈನೈಡ್ ಮತ್ತು ನೈಟ್ರೇಟ್. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಸೈನೈಡ್ ಏರಿದ ಹಸುವಿನ ರಕ್ತದಲ್ಲಿ ಆಮ್ಲಜನಕ ತುಂಬಿಯೇ ಇರುತ್ತದೆ. ಅದನ್ನು ಬಳಸಿಕೊಳ್ಳುವ ಶಕ್ತಿ ಜೀವಕೋಶಗಳಿಗೆ ಇರುವುದಿಲ್ಲ, ಹಾಗಾಗಿ ರಕ್ತ ಕೆಂಪಾಗಿಯೇ ಹಿಂತಿರುಗುತ್ತದೆ. ನೈಟ್ರೇಟ್ ಬಾಧೆಯಲ್ಲಿ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗಿ, ಅದು ಚಾಕೊಲೇಟಿನ ಬಣ್ಣಕ್ಕೆ ತಿರುಗುತ್ತದೆ. ಸೈನೈಡಿಗೆ ಕೊಡುವ ಸೋಡಿಯಂ ನೈಟ್ರೈಟನ್ನು ನೈಟ್ರೇಟ್ ಬಾಧೆಯ ಹಸುವಿಗೆ ಚುಚ್ಚಿದರೆ ನಾವೇ ಕೊಂದ ಹಾಗೆ. ಅದಕ್ಕೆ ಬೇಕಾದದ್ದು ಮೆಥಿಲೀನ್ ಬ್ಲೂ. ರಕ್ತದ ಬಣ್ಣ ನೋಡದೆ ಔಷಧಿಗೆ ಕೈ ಹಾಕಬಾರದು ಎಂದು ನನಗೆ ಕಲಿಸಿದ ಹಿರಿಯ ವೈದ್ಯರನ್ನು ಆ ದಿನ ನೆನೆದೆ.

ಬೇಸಿಗೆ ಶುರುವಾದರೆ ನನ್ನ ಚೀಲದಲ್ಲಿ ತೂಕ ಮಾಡಿಟ್ಟ ಪೊಟ್ಟಣಗಳಿರುತ್ತವೆ: ಸೋಡಿಯಂ ನೈಟ್ರೈಟ್ 3 ಗ್ರಾಂ, ಸೋಡಿಯಂ ಥಯೋಸಲ್ಫೇಟ್ 15 ಗ್ರಾಂ. ಸುಮಾರು 200 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ರಕ್ತನಾಳಕ್ಕೆ ನಿಧಾನವಾಗಿ ಬಿಟ್ಟೆ. ನೈಟ್ರೈಟ್ ರಕ್ತದ ಒಂದು ಪಾಲನ್ನು ಬದಲಿಸಿ, ಜೀವಕೋಶಕ್ಕೆ ಅಂಟಿದ ಸೈನೈಡನ್ನು ತನ್ನ ಕಡೆ ಎಳೆದುಕೊಳ್ಳುವಂತೆ ಮಾಡುತ್ತದೆ. ಥಯೋಸಲ್ಫೇಟ್ ಅದನ್ನು ಮೂತ್ರದಲ್ಲಿ ಹೊರಹೋಗುವ ರೂಪಕ್ಕೆ ತರುತ್ತದೆ. ಹೊಟ್ಟೆಯೊಳಗೆ ಇನ್ನೂ ಬಿಡುಗಡೆಯಾಗುತ್ತಿರುವ ವಿಷಕ್ಕಾಗಿ ಇನ್ನೂ 30 ಗ್ರಾಂ ಥಯೋಸಲ್ಫೇಟನ್ನು ನೀರಿನಲ್ಲಿ ಕಲಸಿ ನಳಿಗೆಯಲ್ಲಿ ಹೊಟ್ಟೆಗೆ ಇಳಿಸಿದೆ. ಇದು ವೈದ್ಯರ ಕೈಯಲ್ಲೇ ಆಗಬೇಕಾದ ಕೆಲಸ. ರೈತರು ಮಾಡಬೇಕಾದದ್ದು ಮೇವು ಎಳೆದು ಹಾಕುವುದು ಮತ್ತು ತಡಮಾಡದೆ ಫೋನ್ ಮಾಡುವುದು. ಪರಿಚಯದ ವೈದ್ಯರು ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಂಚಾರಿ ಘಟಕಕ್ಕೆ 1962 ಅಂತ ಸಂಖ್ಯೆ ಇದೆ.

ಇಪ್ಪತ್ತು ನಿಮಿಷಕ್ಕೆ ಹಸು ತಲೆ ಎತ್ತಿತು. ಇನ್ನೂ ಹತ್ತು ನಿಮಿಷಕ್ಕೆ ಮುಂಗಾಲು ಊರಿ, ಒಮ್ಮೆ ಕುಸಿದು, ಮತ್ತೆ ಎದ್ದಿತು. ಮೂರನೆಯದು ತೂರಾಡುತ್ತಿತ್ತು, ಬಿದ್ದಿರಲಿಲ್ಲ. ಅದಕ್ಕೂ ಔಷಧಿ ಕೊಟ್ಟೆ. ನಾಲ್ಕನೆಯ ಹಸು, ಪಡ್ಡೆ, ಕರುಗಳ ಮುಂದೆ ಹಿಂದಿನ ರಾತ್ರಿಯ ರಾಗಿಹುಲ್ಲು ಉಳಿದಿತ್ತು. ಅವು ಮೊದಲು ಅದನ್ನು ತಿಂದಿದ್ದವು. ಜೋಳಕ್ಕೆ ಬಾಯಿ ಹಾಕುವ ಹೊತ್ತಿಗೆ ಮೇವನ್ನು ಎಳೆದಾಗಿತ್ತು.

ಸತ್ತ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇತ್ತು. "ಓಲೆ ಇದೆಯಲ್ಲ ಸಾರ್, ವಿಮೆ ಬರುತ್ತಲ್ವಾ?" ಅಂತ ಮಗ ಕೇಳಿದರು. ಆ ಓಲೆ ಗುರುತಿಗೆ ಮಾತ್ರ, ವಿಮೆಗೆ ಬೇರೆಯೇ ಕಂತು ಕಟ್ಟಬೇಕು. ಇದು ಎಷ್ಟೋ ಮನೆಗಳಲ್ಲಿ ಹಸು ಸತ್ತ ದಿನವೇ ಗೊತ್ತಾಗುತ್ತದೆ. ಓದುತ್ತಿರುವವರು ಇವತ್ತೇ ನಿಮ್ಮ ಕಾಗದ ತೆಗೆದು ನೋಡಿ.

ಸೊಸೆ ಕಂಬಕ್ಕೆ ಒರಗಿ ಕೂತಿದ್ದರು. ಮೇವು ಕೊಯ್ದು ತಂದವರು ಅವರೇ. ಅಷ್ಟರಲ್ಲಿ ಸೇರಿದ್ದ ಜನ ಅವರ ಕಡೆ ನೋಡುತ್ತಾ ಮಾತಾಡತೊಡಗಿದ್ದರು. ಅದನ್ನು ನಿಲ್ಲಿಸಬೇಕಾಯಿತು, ನಿಲ್ಲಿಸಿದೆ. ಎಲ್ಲರೂ ಹೋದ ಮೇಲೆ ಅಜ್ಜಿ ಹೇಳಿದ ಮಾತು ಇದು: "ಬರ ಬಿದ್ದು ಮಳೆ ಬಂದ ಮೇಲೆ ಎಳೇ ಜೋಳಕ್ಕೆ ದನ ಬಿಡಬಾರದು ಅಂತ ನಮ್ಮಪ್ಪನ ಕಾಲದಿಂದ್ಲೂ ಗೊತ್ತು ಡಾಕ್ಟ್ರೇ. ನನಗೂ ಗೊತ್ತು, ಇವಳಿಗೂ ಗೊತ್ತು. ಗೋದಲೀಲಿ ಏನೂ ಇರಲಿಲ್ಲ. ಹಸು ಕೂಗ್ತಾ ಇದ್ರೆ ಏನು ಹಾಕೋದು ಹೇಳಿ."

ನನ್ನ ಕೆಲಸ ನಿಜವಾಗಿ ಶುರುವಾದದ್ದು ಆ ಮಾತಿನಿಂದ. ಇದು ತಿಳಿವಳಿಕೆ ಇಲ್ಲದೆ ಆದ ಸಾವು ಎಂದು ವರದಿ ಬರೆದು ಮುಗಿಸಬಹುದಿತ್ತು. ತಿಳಿದವರೇ ಕೊಯ್ದಿದ್ದಾರೆ ಎಂದಮೇಲೆ ಕಾರಣ ಬೇರೆ ಕಡೆ ಹುಡುಕಬೇಕು.

ನಾಲ್ಕು ಸೀಸೆ

ಊರಿನಲ್ಲಿ ಅಷ್ಟು ಹೊತ್ತಿಗೆ ಬೀಜದ ಮೇಲೆ ಅನುಮಾನ ಹಬ್ಬಿತ್ತು. ಪ್ಯಾಕೆಟ್ಟಿನ ಬೀಜ, ಹೈಬ್ರಿಡ್, ಏನೋ ಬೆರೆಸಿದ್ದಾರೆ ಅಂತ. ಆ ವಾರದಲ್ಲೇ ಇಬ್ಬರು ತಮ್ಮ ಹಸಿರು ಜೋಳವನ್ನು ಟ್ರ್ಯಾಕ್ಟರಿನಲ್ಲಿ ಉತ್ತುಬಿಟ್ಟರು. ಅದನ್ನು ನೋಡಿ ನನಗಾದ ಸಂಕಟ ಸಣ್ಣದಲ್ಲ. ಏಪ್ರಿಲ್ ತಿಂಗಳಲ್ಲಿ ಮಣ್ಣಾದ ಅಷ್ಟು ಹಸಿರು!

ಬಹುಕಟಾವಿನ ಮೇವಿನ ಜೋಳ ಎನ್ನುವುದರಲ್ಲಿ ಹೆಚ್ಚಿನವು ಜೋಳ ಮತ್ತು ಸುಡಾನ್ ಹುಲ್ಲಿನ ಸಂಬಂಧದಿಂದ ಹುಟ್ಟಿದವು. ಹಿಸಾರ್‌ನ ಕೃಷಿ ವಿಶ್ವವಿದ್ಯಾಲಯದ ಎಸ್‌ಎಸ್‌ಜಿ 59-3 ಹಾಗೆಯೇ, ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಿಂದ ಬಂದು ನಮ್ಮಲ್ಲೂ ಮನೆಮಾತಾದ ಸಿಒಎಫ್‌ಎಸ್-29 ಕೂಡ ಹಾಗೆಯೇ. ಸುಡಾನ್ ಹುಲ್ಲಿನಿಂದ ಸಣ್ಣ ದಂಟು, ಬುಡದಿಂದ ಒಡೆಯುವ ಹೆಚ್ಚು ತೆಂಡೆ, ಕೊಯ್ದಷ್ಟೂ ಚಿಗುರುವ ಗುಣ ಬರುತ್ತದೆ. ವಿಷದ ಅಂಶ ಸುಡಾನ್ ಹುಲ್ಲಿನಲ್ಲಿ ಕಡಿಮೆ, ಕಾಳಿನ ಜೋಳದಲ್ಲಿ ಹೆಚ್ಚು, ಸಂಕರಗಳಲ್ಲಿ ನಡುವೆ. ಆದರೆ ಅದು ಜೋಳದ ಕುಲಕ್ಕೇ ಹುಟ್ಟಿನಿಂದ ಬಂದದ್ದು, ಯಾರೂ ಬೆರೆಸಿದ್ದಲ್ಲ. 1902ರಲ್ಲೇ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಳೆಯ ಜೋಳದಿಂದ ಈ ವಸ್ತುವನ್ನು ಬೇರ್ಪಡಿಸಿ ಧುರ್ರಿನ್ ಎಂದು ಹೆಸರಿಟ್ಟರು. ಧುರ್ರಾ ಎಂದರೆ ಅರಬ್ಬಿಯಲ್ಲಿ ಜೋಳ.

ಧುರ್ರಿನ್ ಎಲೆಯಲ್ಲಿ ಸುಮ್ಮನೆ ಇರುವಾಗ ವಿಷವಲ್ಲ. ಅದನ್ನು ಒಡೆಯುವ ಕಿಣ್ವ ಅದೇ ಎಲೆಯ ಇನ್ನೊಂದು ಕಡೆ ಇರುತ್ತದೆ. ಹಸು ಅಗಿದಾಗ ಎರಡೂ ಕೂಡಿ ಸೈನೈಡ್ ಹೊರಬರುತ್ತದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಉಳಿದದ್ದನ್ನೂ ಒಡೆಯುತ್ತವೆ. ಕುದುರೆಗಿಂತ ಹಸುವಿಗೆ ಇದು ಬೇಗ ಏರುವುದು ಅದಕ್ಕೇ. ಗಿಡ ಎಳೆಯದಾದಷ್ಟೂ ಧುರ್ರಿನ್ ಹೆಚ್ಚು, ದಂಟಿಗಿಂತ ಎಲೆಯಲ್ಲಿ ಹೆಚ್ಚು. ನೀರಿಲ್ಲದೆ ಬೆಳವಣಿಗೆ ನಿಂತ ಗಿಡದಲ್ಲಿ, ಅದರಲ್ಲೂ ಯೂರಿಯಾ ಉಂಡು ಒಣಗಿದ ಗಿಡದಲ್ಲಿ ಇನ್ನೂ ಹೆಚ್ಚು. ಬರದ ಮೇಲೆ ಮಳೆ ಬಿದ್ದು ಬುಡದಿಂದ ಒತ್ತಿ ಬರುವ ಚಿಗುರಂತೂ ಎಲ್ಲಕ್ಕಿಂತ ಅಪಾಯ. ಹಸಿ ತೂಕದಲ್ಲಿ ಸೈನೈಡ್ 200 ಪಿಪಿಎಂ, ಅಂದರೆ ಕೆಜಿಗೆ 200 ಮಿಲಿಗ್ರಾಂ, ದಾಟಿದರೆ ಹಸುವಿಗೆ ಹಾಕುವಂತಿಲ್ಲ ಎನ್ನುವುದು ಮೇವಿನ ಬೆಳೆಯವರು ಇಟ್ಟುಕೊಂಡಿರುವ ಗೆರೆ.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಲ್ಯಾಬಿನಲ್ಲಿ ಪಿಕ್ರೇಟ್ ದ್ರಾವಣಕ್ಕೆ ಅದ್ದಿಸಿದ, ಸೈನೈಡ್ ಆವಿ ತಾಗಿದರೆ ಕೆಂಪಾಗುವ ಹಳದಿ ಕಾಗದದ ಪಟ್ಟಿಗಳನ್ನು ತಂದೆ. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು, ಹಾಗಾಗಿ ಇದನ್ನು ಯಾರೂ ಮನೆಯಲ್ಲಿ ಮಾಡಲು ಹೋಗಬಾರದು. ಅವರ ಮನೆಯ ಜಗಲಿಯ ಮೇಲೆ ನಾಲ್ಕು ಸಣ್ಣ ಸೀಸೆ ಇಟ್ಟೆವು. ಮೊದಲನೆಯದರಲ್ಲಿ ಹಸು ತಿಂದ ಕಡೆಯ, ಹೊಲದ ಮೇಲಿನ ತುದಿಯ ಚಿಗುರು. ಎರಡನೆಯದರಲ್ಲಿ ಅದೇ ಹೊಲದ ಕಾಲುವೆ ಬದಿಯ, ತೇವದಲ್ಲಿದ್ದ ಜೋಳ. ಮೂರನೆಯದರಲ್ಲಿ ಇನ್ನೂ ಮೊದಲ ಕೊಯ್ಲಾಗದೆ ಮೂಲೆಯಲ್ಲಿ ಹೂ ಬಿಟ್ಟು ನಿಂತಿದ್ದ ನಾಲ್ಕು ದಂಟಿನ ಎಲೆ. ನಾಲ್ಕನೆಯದರಲ್ಲಿ ಪಕ್ಕದವರ ಹೊಲದ ಸಜ್ಜೆ. ಸೊಸೆಯೇ ಎಲೆ ಜಜ್ಜಿ ಹಾಕಿದರು. ನಾನು ಎರಡೆರಡು ಹನಿ ಕ್ಲೋರೋಫಾರ್ಮ್ ಬಿಟ್ಟು, ಕಾಗದ ಎಲೆಗೆ ತಾಗದ ಹಾಗೆ ಇಳಿಬಿಟ್ಟು ಬಿರಡೆ ಹಾಕಿದೆ.

ಮೊದಲ ಸೀಸೆಯ ಕಾಗದ ಐದು ನಿಮಿಷದೊಳಗೆ ಅಂಚಿನಿಂದ ಕಿತ್ತಳೆಯಾಯಿತು, ನೋಡುತ್ತಿದ್ದ ಹಾಗೇ ಇಟ್ಟಿಗೆ ಕೆಂಪಾಯಿತು. ಎರಡನೆಯದು ಬಹಳ ಹೊತ್ತಿನ ಮೇಲೆ ತಿಳಿ ಕಿತ್ತಳೆ. ಮೂರನೆಯದರಲ್ಲಿ ಬಣ್ಣ ತಿರುಗಿತೋ ಇಲ್ಲವೋ ಎನ್ನುವಷ್ಟು. ಸಜ್ಜೆಯ ಕಾಗದ ಹಳದಿಯಾಗಿಯೇ ಉಳಿಯಿತು, ಸಜ್ಜೆಯಲ್ಲಿ ಈ ವಿಷವೇ ಇಲ್ಲ. "ಒಂದೇ ಬೀಜ, ಒಂದೇ ಹೊಲ" ಅಂತ ಮಗ ಮೆಲ್ಲಗೆ ಹೇಳಿದರು. ಅಲ್ಲಿಗೆ ಬೀಜದ ಮಾತು ನಿಂತಿತು. ಹೊಲ ಉತ್ತವರೂ ಬಂದು ಕಾಗದ ನೋಡಿ ಹೋದರು.

ಲೆಕ್ಕ

ಈಗ ಹೊಲದ ಕಥೆ. 20 ಗುಂಟೆಯಲ್ಲಿ ಜನವರಿ 10ಕ್ಕೆ ಈ ಬಹುಕಟಾವಿನ ಜೋಳದ ಬಿತ್ತನೆ. ಬೀಜ ತರಲು, ಸಾಲಿನಲ್ಲಿ ಬಿತ್ತಲು, ಕೊಯ್ದ ಮೇಲೆ ಯೂರಿಯಾ ಹಾಕಿ ನೀರು ಬಿಡಲು ಹೇಳಿದವನು ನಾನೇ. ಬೆಳೆ ಚೆನ್ನಾಗಿ ಬಂತು. ಮಾರ್ಚ್ 16ಕ್ಕೆ, 65ನೇ ದಿನಕ್ಕೆ, ಬೋರ್‌ವೆಲ್‌ಗೆ ದೂರದ ಮೇಲಿನ ತುದಿಯಿಂದ ಕೊಯ್ಲು ಶುರು. ದಿನಕ್ಕೆ ಸುಮಾರು 110 ಕೆಜಿ ಹಸಿಮೇವು. ನಾಲ್ಕು ಹಸುವಿಗೆ ತಲಾ 25 ಕೆಜಿಯ ಹಾಗೆ, ಉಳಿದದ್ದು ಪಡ್ಡೆಗೆ.

ಏಪ್ರಿಲ್ 2ಕ್ಕೆ ಮೋಟಾರು ಸುಟ್ಟಿತು. ರಿಪೇರಿಯಾಗಿ ಬಂದದ್ದು 13ಕ್ಕೆ. ಬಂದ ನೀರು ಮೊದಲು ಟೊಮೆಟೊಗೆ ಹೋಯಿತು. ಹೋಗಲೇಬೇಕು, ಕೋಲಾರ ಸೀಮೆಯಲ್ಲಿ ಏಪ್ರಿಲ್‌ನ ಟೊಮೆಟೊ ಬಿಟ್ಟು ಮೇವಿಗೆ ನೀರು ತಿರುಗಿಸುವವರು ಯಾರು? ಮೇಲಿನ ತುದಿಯ ಕೂಳೆಗೆ ಮಾರ್ಚ್ ಕೊನೆಯಿಂದ ನೀರೇ ಸಿಕ್ಕಿರಲಿಲ್ಲ. ಅದಕ್ಕೂ ಮುಂಚೆ ಇಡೀ ಹೊಲಕ್ಕೆ ಅರ್ಧ ಚೀಲ ಯೂರಿಯಾ ಬಿದ್ದಿತ್ತು. ಏಪ್ರಿಲ್ 17ರ ರಾತ್ರಿ ಅಶ್ವಿನಿ ಮಳೆ ಒಂದು ಹದ ಹುಯ್ದಿತು. ನಾಲ್ಕು ದಿನಕ್ಕೆ ಸುರುಳಿ ಸುತ್ತಿದ್ದ ಜೋಳದ ಬುಡದಲ್ಲೆಲ್ಲ ಎಳೆ ಹಸಿರು. ಮೊಣಕಾಲೆತ್ತರವೂ ಇಲ್ಲ, ನೋಡಿದರೆ ಕಣ್ಣಿಗೆ ತಂಪು. 21ರ ಬೆಳಿಗ್ಗೆ ಅದೇ ಗೋದಲಿಗೆ ಬಂತು, ಹಸಿದ ಹೊಟ್ಟೆಗೆ.

ಮೋಟಾರು ಸುಟ್ಟದ್ದೇ ಕಾರಣ ಎಂದು ಅಲ್ಲಿಗೇ ಬಿಡುತ್ತಿದ್ದೆ. ರಾತ್ರಿ ಕೂತು ತಾರೀಖು ಬರೆಯುವಾಗ ಬೇರೇನೋ ಕಂಡಿತು. ಆ 20 ಗುಂಟೆಯಿಂದ ಒಂದು ಕೊಯ್ಲಿಗೆ ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ 4 ಟನ್. ದಿನಕ್ಕೆ 110 ಕೆಜಿಯಂತೆ ಅದು 36 ದಿನದ ಮೇವು. ಮಾರ್ಚ್ 16ರಿಂದ 36 ದಿನ ಎಣಿಸಿದರೆ ಏಪ್ರಿಲ್ 20ಕ್ಕೆ ಹೊಲ ಮುಗಿಯುತ್ತದೆ. 21ಕ್ಕೆ ಕುಡುಗೋಲು ಮೊದಲ ತುದಿಗೆ ವಾಪಸು ಬರಲೇಬೇಕು. ಆ ತುದಿಯ ಕೂಳೆಗೆ ಆಗ 36 ದಿನ. ಈ ಜಾತಿಯ ಜೋಳದ ಕೂಳೆ ಹದಕ್ಕೆ ಬರಲು 50 ದಿನ ಬೇಕು.

ಅಂದರೆ ಮೋಟಾರು ಸುಡದಿದ್ದರೂ, ಮಳೆ ಬಾರದಿದ್ದರೂ, ಆ ಮನೆಯವರು ಎಳೆ ಜೋಳ ಕೊಯ್ಯುವುದು ಬಿತ್ತಿದ ದಿನವೇ ನಿಶ್ಚಯವಾಗಿತ್ತು. ನೀರು ಚೆನ್ನಾಗಿದ್ದಿದ್ದರೆ 36 ದಿನದ ಕೂಳೆ ಸೊಂಟದ ಹತ್ತಿರ ಬಂದು, ಬಹುಶಃ ಏನೂ ಆಗದೆ ದಾಟಿಹೋಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಹಾಗೆ ದಾಟಿಹೋಗುತ್ತಿದೆ, ಎಷ್ಟೋ ಊರುಗಳಲ್ಲಿ. ಒಂದು ಸುತ್ತಿನಲ್ಲಿ ನೀರು ಕೈಕೊಡುತ್ತದೆ.

ಬಿತ್ತುವಾಗ ನಾನು ಬೀಜದ ಬಗ್ಗೆ ಹೇಳಿದೆ, ಗೊಬ್ಬರದ ಬಗ್ಗೆ ಹೇಳಿದೆ, ಎಳೆಯದು ಹಾಕಬೇಡಿ ಎಂದೂ ಹೇಳಿದೆ. ಎಷ್ಟು ಹಸು, ಎಷ್ಟು ಗುಂಟೆ ಎಂದು ಕೂಡಿಸಿ ನೋಡಲಿಲ್ಲ. ಎಳೆಯದು ಹಾಕಬೇಡಿ ಎನ್ನುವುದು ಸುಲಭ. ಅದನ್ನು ಪಾಲಿಸಲು ಬೇಕಾದ ಹದಿನಾಲ್ಕು ದಿನದ ಮೇವು ಎಲ್ಲಿಂದ ಬರಬೇಕು ಎಂದು ನಾನು ಕೇಳಿರಲಿಲ್ಲ. ನನ್ನ ಭೇಟಿಯ ಪುಸ್ತಕದಲ್ಲಿ ಆ ರಾತ್ರಿ ಅದನ್ನು ಹಾಗೆಯೇ ಬರೆದಿಟ್ಟೆ.

ಲೆಕ್ಕ ಸಿಕ್ಕ ಮೇಲೆ ದಾರಿಗಳೂ ಕಂಡವು. 110 ಕೆಜಿ ಬೇಕೇ ಬೇಕು ಎಂದರೆ ದಿನಕ್ಕೆ ಅರ್ಧ ಗುಂಟೆಗಿಂತ ಸ್ವಲ್ಪ ಹೆಚ್ಚು ಕೊಯ್ಯಬೇಕು, 50 ದಿನಕ್ಕೆ 28 ಗುಂಟೆ ಬೇಕು. ಅಷ್ಟು ಜಾಗಕ್ಕೆ ನೀರಿಲ್ಲ. ಹೊಲ 20 ಗುಂಟೆಯೇ ಎಂದರೆ ದಿನಕ್ಕೆ 80 ಕೆಜಿಗೆ ಇಳಿಯಬೇಕು. ಕಡಿಮೆಯಾದ 30 ಕೆಜಿ ಹಸಿಜೋಳದಲ್ಲಿ ನೀರು ಕಳೆದರೆ ಉಳಿಯುವುದು ಆರೂವರೆ ಕೆಜಿಯಷ್ಟು ಒಣಪದಾರ್ಥ. ಇಡೀ ಕೊಟ್ಟಿಗೆಗೆ ದಿನಕ್ಕೆ 7-8 ಕೆಜಿ ರಾಗಿಹುಲ್ಲು ಹೆಚ್ಚು ಹಾಕಿದರೆ ಹೊಟ್ಟೆಯ ಲೆಕ್ಕ ಸರಿಹೋಗುತ್ತದೆ. ರಾಗಿಹುಲ್ಲಿನಲ್ಲಿ ಹಸಿಜೋಳದ ಸತ್ವ ಇಲ್ಲ, ನಿಜ. ಹಾಲು ಸ್ವಲ್ಪ ಇಳಿಯುತ್ತದೆ, ಅದನ್ನು ಹಿಂಡಿಯಲ್ಲಿ ಒಂದಿಷ್ಟು ತುಂಬಿಕೊಳ್ಳಬಹುದು. ಆದರೂ ಆ ಮೊತ್ತವನ್ನು ನೋಡಿ. 50 ದಿನಕ್ಕೆ 400 ಕೆಜಿ ಹುಲ್ಲು. ಬಣವೆಯಲ್ಲಿ ಅಷ್ಟು ಹೆಚ್ಚಿಗೆ ಇದ್ದಿದ್ದರೆ ಆ ಹಸು ಇರುತ್ತಿತ್ತು.

ಮರುವರ್ಷ

ಮುಂಗಾರಿನಲ್ಲಿ ಅವರ ಖುಷ್ಕಿ ತುಂಡಿನಲ್ಲಿ ಆಫ್ರಿಕನ್ ಟಾಲ್ ಎಂಬ ಮೇವಿನ ಮೆಕ್ಕೆಜೋಳ ಹಾಕಿಸಿದೆ. ತೆನೆಯ ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವಾಗ ಕೊಯ್ದು, ಮೇವು ಕತ್ತರಿಸುವ ಯಂತ್ರದಲ್ಲಿ ಒಂದು ಅಂಗುಲದ ಚೂರು ಮಾಡಿ, ಗುಂಡಿಯಲ್ಲಿ ರಸಮೇವು (ಗಾಳಿಯಾಡದಂತೆ ಮುಚ್ಚಿ ಹುಳಿಯಿಸಿಡುವ ಹಸಿಮೇವು, ಸೈಲೇಜ್) ಕಟ್ಟಿದೆವು. ಗುಂಡಿ 2 ಮೀಟರ್ ಉದ್ದ, 1 ಮೀಟರ್ ಅಗಲ, ಒಂದೂವರೆ ಮೀಟರ್ ಆಳ. ಒಳಗೆ ಪ್ಲಾಸ್ಟಿಕ್ ಹಾಳೆ. ಅರ್ಧ ಅಡಿ ತುಂಬಿದ ಹಾಗೆಲ್ಲ ಮಕ್ಕಳಿಂದ ಹಿಡಿದು ಎಲ್ಲರೂ ತುಳಿದರು. ಗಾಳಿ ಉಳಿದರೆ ಬೂಸಲು ಬರುತ್ತದೆ, ಇಡೀ ಕೆಲಸ ತುಳಿಯುವುದರಲ್ಲೇ ಇದೆ. ಮುಚ್ಚಿ, ಮೇಲೆ ಮಣ್ಣು ಬಳಿದು, ಇಲಿ ತೂತು ಮಾಡದಂತೆ ಅಜ್ಜಿ ಸುತ್ತ ಮುಳ್ಳು ಹಾಕಿದರು. ಒಟ್ಟು ಒಂದೂವರೆ ಟನ್. ದಿನಕ್ಕೆ 80 ಕೆಜಿಯಂತೆ 18 ದಿನದ ಬುತ್ತಿ. ದೊಡ್ಡ ಗುಂಡಿ ಬೇಡವೆಂದು ನಾನೇ ಹೇಳಿದೆ. ನಮಗೆ ಬೇಕಿದ್ದದ್ದು ಆ ಹದಿನಾಲ್ಕು ದಿನಕ್ಕೆ ಸೇತುವೆ, ಅಷ್ಟೇ.

ಜೋಳವನ್ನು ಮತ್ತೆ ಅದೇ 20 ಗುಂಟೆಗೆ ಹಾಕಿದರು. ಬೇಡ ಎನ್ನಲು ಮಗನಿಗೆ ಮನಸ್ಸಿತ್ತು, ಸೊಸೆ ಹಾಕೋಣ ಅಂದರು. ಈ ಸಲ ಹೊಲವನ್ನು ಎರಡೆರಡು ಗುಂಟೆಯ ಹತ್ತು ಪಟ್ಟಿ ಮಾಡಿದೆವು. ಬದುವಿನಲ್ಲಿ ಪಟ್ಟಿಗೊಂದು ಗೂಟ, ಗೂಟಕ್ಕೆ ನಂಬರು. ಒಂದು ಪಟ್ಟಿ ಐದು ದಿನಕ್ಕೆ. ಬಿತ್ತನೆಯನ್ನೂ ಒಂದೇ ದಿನ ಮಾಡದೆ ಅರ್ಧ ಹೊಲವನ್ನು ಮೂರು ವಾರ ತಡವಾಗಿ ಬಿತ್ತಿದರು. ಎಲ್ಲವೂ ಒಟ್ಟಿಗೆ ಹೂ ಬಿಟ್ಟು ಕೊನೆಯ ಪಟ್ಟಿ ದಂಟು ಗಟ್ಟಿಯಾಗಿ ಹಸು ಬಿಡುವ ಹಾಗಾಗಬಾರದಲ್ಲ. ಎಳೆಯದಾದರೆ ವಿಷ, ಬಲಿತರೆ ಕಡ್ಡಿ, ಮೇವಿನ ಜೋಳದ ಪಾಡೇ ಅದು.

ಕೊಯ್ಯುವ ರೀತಿಯಲ್ಲೂ ಒಂದು ಬದಲಾವಣೆ. ಹಿಂದೆ ನೆಲಕ್ಕೆ ಸಮವಾಗಿ ಕೊಯ್ಯುತ್ತಿದ್ದರು, ಒಂದು ಹಿಡಿ ಹೆಚ್ಚು ಸಿಗಲಿ ಅಂತ. ಬುಡದಲ್ಲಿ ಎರಡು ಗೆಣ್ಣಾದರೂ ಉಳಿದರೆ ಚಿಗುರು ಬೇಗ, ತುಂಬಾ ಬರುತ್ತದೆ. ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ ಬಿಟ್ಟು ಕೊಯ್ಯಿರಿ ಎಂದೆ. ಸೊಸೆ ತಮ್ಮ ಅಂಗೈಯನ್ನು ಬುಡಕ್ಕೆ ಅಡ್ಡ ಇಟ್ಟು ಅಳತೆ ಕಂಡುಕೊಂಡರು. ಯೂರಿಯಾವನ್ನು ಇಡೀ ಹೊಲಕ್ಕೆ ಒಂದೇ ಸಲ ಎರಚುವುದು ಬಿಟ್ಟು, ಕೊಯ್ದ ಪಟ್ಟಿಗೆ ಮಾತ್ರ, ಅದೂ ನೀರು ಖಾತ್ರಿ ಇದ್ದ ದಿನ ಮಾತ್ರ ಹಾಕಿದರು. ನೀರಿಲ್ಲದಿದ್ದರೆ ಯೂರಿಯಾ ಇಲ್ಲ. ಈ ಒಂದು ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ, ಸೈನೈಡಿಗೂ ಅದು ಕಾರಣ, ನೈಟ್ರೇಟಿಗೂ ಅದೇ.

ಬೋರ್‌ವೆಲ್‌ಗೆ ದೂರದ ಕೊನೆಯ ಎರಡು ಪಟ್ಟಿಗೆ ಜೋಳದ ಬದಲು ಮೇವಿನ ಸಜ್ಜೆ ಹಾಕಿಸಿದೆ. ನೀರು ತಡವಾಗುವ ಜಾಗದಲ್ಲಿ ಸೈನೈಡಿನ ಭಯವೇ ಇಲ್ಲದ ಬೆಳೆ ಇರಲಿ ಅಂತ. ಸಜ್ಜೆಯಲ್ಲೂ ನೈಟ್ರೇಟ್ ಕೂಡಬಹುದು, ಒಣಗಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಗೊಬ್ಬರದ ಶಿಸ್ತು ಅದಕ್ಕೂ ಉಂಟು.

ಕೊಯ್ಯಲು ಎರಡು ನಿಬಂಧನೆ ಇಟ್ಟುಕೊಂಡೆವು, ಎರಡೂ ಕೂಡಿದರೆ ಮಾತ್ರ ಕುಡುಗೋಲು. ಪಟ್ಟಿಗೆ 50 ದಿನ ಆಗಿರಬೇಕು, ಜೋಳ ಸೊಸೆಯ ಎದೆಮಟ್ಟಕ್ಕೆ ಬಂದಿರಬೇಕು. ದಿನ ಮಾತ್ರ ನೋಡಿದರೆ ಬರಗಾಲದ ಕುಳ್ಳು ಜೋಳ ಮೋಸ ಮಾಡುತ್ತದೆ. ಒಣಗಿ ಸುರುಳಿ ಸುತ್ತಿದ ಪಟ್ಟಿಗೆ ಮಳೆಯೋ ನೀರೋ ಬಿದ್ದರೆ ಅಲ್ಲಿಂದ ಎರಡು ವಾರ ಆ ಗೂಟದ ಹತ್ತಿರ ಹೋಗುವಂತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಸಿಜೋಳ ಇಲ್ಲ, ಮೊದಲು ಒಣಹುಲ್ಲು. ಮತ್ತೆ, ಅರ್ಧ ಬಾಡಿಸಿದರೆ ವಿಷ ಹೋಗುತ್ತದೆ ಎಂದು ನಂಬಿ ಯಾರೂ ಹಾಕಬಾರದು. ಗರಿಗರಿಯಾಗಿ ಒಣಗಿದ ಮೇಲೆ ಸೈನೈಡ್ ಬಹುಪಾಲು ಹೋಗುತ್ತದೆ, ಅರೆಬಾಡಿದ ಎಲೆಯಲ್ಲಿ ಅದು ಹಾಗೇ ಕಾದು ಕೂತಿರುತ್ತದೆ.

ಆ ಏಪ್ರಿಲ್‌ನಲ್ಲಿ ಮೋಟಾರು ಸುಡಲಿಲ್ಲ, ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಎಂಟು ದಿನ ಕರೆಂಟಿಲ್ಲ. 3, 4ನೇ ಪಟ್ಟಿಯ ಕೂಳೆ ಕುಂಠಿತವಾಯಿತು. ಆಮೇಲೆ ಮಳೆ, ಅದೇ ಎಳೆ ಹಸಿರು, ಅದೇ ಮೊಣಕಾಲೆತ್ತರ. ಸೊಸೆ ಫೋನ್ ಮಾಡಿ, "ಸಾರ್, ಗುಂಡಿ ತೆಗೀತೀವಿ" ಅಂದರು, ಅಷ್ಟೇ. ಮಾರನೆಯ ದಿನ ಹೋದಾಗ ಗುಂಡಿಯ ಬಾಯಲ್ಲಿ ಬೆಲ್ಲದ ಪಾಕ ಹುಳಿಯಾದಂಥ ವಾಸನೆ, ಹಳದಿ ಹಸಿರು ಬಣ್ಣ. ಮೊದಲ ಎರಡು ದಿನ ಹಸುಗಳು ಮೂಸಿ ಮೂಸಿ ಬಿಟ್ಟವು, ಹಿಂಡಿ ಉದುರಿಸಿದ ಮೇಲೆ ಬಾಯಿ ಹಾಕಿದವು. 17 ದಿನ ರಸಮೇವು ಮತ್ತು ರಾಗಿಹುಲ್ಲಿನಲ್ಲಿ ನಡೆಯಿತು. ಮನೆಯ ಹಾಲು ದಿನಕ್ಕೆ ಮೂರು ನಾಲ್ಕು ಲೀಟರ್ ಇಳಿಯಿತು. ಅದನ್ನು ಮುಚ್ಚಿಡುವುದಿಲ್ಲ, ಡೈರಿಯ ಪುಸ್ತಕದಲ್ಲಿ ಅದು ಕಾಣುತ್ತದೆ. 3ನೇ ಪಟ್ಟಿಯನ್ನು ಕೊಯ್ದದ್ದು 61ನೇ ದಿನಕ್ಕೆ, ಹೂ ಬಿಟ್ಟ ಮೇಲೆ. ಅದಕ್ಕೂ ಮುಂಚೆ ಕಾಗದದ ಪಟ್ಟಿಯಲ್ಲಿ ನೋಡಿದೆವು, ಬಣ್ಣ ತಿರುಗಿದ್ದು ಗೊತ್ತಾಗದಷ್ಟು.

ಆ ದಿನ ಪಾರಾದ ಎರಡನೆಯ ಹಸು ಆ ಬೇಸಿಗೆಯಲ್ಲಿ ಹೆಣ್ಣು ಕರು ಹಾಕಿತು.

ತೊಂದರೆ ಮುಗಿದಿಲ್ಲ. ಬೋರ್‌ವೆಲ್ ನೀರು ಹಿಂದಿನ ವರ್ಷಕ್ಕಿಂತ ಕಡಿಮೆ ಬರುತ್ತಿದೆ, ಮುಂದಿನ ಬೇಸಿಗೆಗೆ 20 ಗುಂಟೆಯನ್ನು 14ಕ್ಕೆ ಇಳಿಸಿ ಎರಡನೇ ಗುಂಡಿ ತೋಡುವ ಮಾತು ನಡೆದಿದೆ. ಪಡ್ಡೆ ಈಗ ಹಾಲಿಗೆ ಬಂದಿದೆ, ಹಾಗಾಗಿ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕು.

ಕಳೆದ ತಿಂಗಳು ಲಸಿಕೆಗೆ ಹೋಗಿದ್ದಾಗ, ಆ ವರ್ಷ ಹೆದರಿ ಜೋಳ ಉತ್ತುಬಿಟ್ಟಿದ್ದ ಒಬ್ಬರು ಇವರ ಮನೆಗೆ ಬಂದಿದ್ದರು. ಯಾವ ಬೀಜ, ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದರು. ಸೊಸೆ ಒಳಗಿನಿಂದ ನೋಟ್ ಪುಸ್ತಕ ತಂದು ಜಗಲಿಯ ಮೇಲೆ ಕೂತರು, ಪೆನ್ನಿನ ಮುಚ್ಚಳ ತೆಗೆದರು.

"ಬೀಜದ ಮಾತು ಆಮೇಲೆ ಇರಲಿ ಅಣ್ಣ" ಅಂದರು. "ಹಸು ಎಷ್ಟಿವೆ? ಎಷ್ಟು ಗುಂಟೆಗೆ ನೀರು ಹೋಗುತ್ತೆ?"